ಅತಿಥಿ ಜಾಲದಲ್ಲಿ ಅರಸನ ಮೌನ

ಪುಕ್ಕಟೆ ಸಿಗುವ ವಸ್ತುವಿನ ಎದುರು ನಿಂತಾಗ ನನ್ನಲ್ಲಿ ಒಂದು ಬಗೆಯ ಭಕ್ತಿಭಾವ ಮೂಡುತ್ತದೆ. ಇದನ್ನು ನನ್ನ ಹೆಂಡತಿ ವಿಮಲ ಜಿಪುಣತನ ಎನ್ನುತ್ತಾಳೆ. ನಾನು ಕೃತಜ್ಞತೆ ಎನ್ನುತ್ತೇನೆ. ಸೂಪರ್ ಮಾರ್ಕೆಟ್ಟಿನಲ್ಲಿ ಹುಡುಗಿಯೊಬ್ಬಳು ತಟ್ಟೆ ಹಿಡಿದು ನಿಂತು ಚೀಸಿನ ಚೂರೊಂದನ್ನು ರುಚಿ ನೋಡಿ ಎಂದರೆ, ಅದನ್ನು ಸುಮ್ಮನೆ ಬಾಯಿಗೆ ಎಸೆದುಕೊಂಡು ಹೋಗಿಬಿಡುವ ಕೃತಘ್ನ ನಾನಲ್ಲ. ನಿಂತು, ಅಗಿದು, ತಲೆದೂಗಿ, ಎರಡು ಒಳ್ಳೆಯ ಮಾತು ಹೇಳಿ, ಅಂಗಡಿಗೆ ಒಂದು ಸುತ್ತು ಹಾಕಿ ಮತ್ತೆ ಬಂದು, ನನ್ನ ಮೊದಲ ಅಭಿಪ್ರಾಯ ಸರಿಯಾಗಿತ್ತೇ ಎಂದು ಇನ್ನೊಮ್ಮೆ ಪರೀಕ್ಷಿಸಿಯೇ ಮುಂದುವರಿಯುತ್ತೇನೆ. ಇಂಥ ನನಗೆ ಇಂಟರ್ನೆಟ್ಟಿಗೆ ಹಣ ಕೊಡುವುದು ಎಂದರೆ ಮೊದಲಿನಿಂದಲೂ ಒಗ್ಗದ ಸಂಗತಿ. ಕಣ್ಣಿಗೆ ಕಾಣದೆ ಗಾಳಿಯಲ್ಲಿ ತೇಲಿಕೊಂಡು ಬರುವ ವಸ್ತುವಿಗೆ ಬೆಲೆ ಕಟ್ಟಿದವನು ಮುಂದೆ ಬೆಳದಿಂಗಳಿಗೂ ಬಿಲ್ಲು ಕಳಿಸಿಯಾನು ಎಂಬ ಭಯ ನನ್ನದು. ಮನೆಯಲ್ಲಿ ಒಂದು ಸಂಪರ್ಕ ಇದೆ, ಅದು ವಿಮಲಳ ಹಟದಿಂದ ಬಂದದ್ದು. ಮೊಬೈಲಿನಲ್ಲಿ ಮಾತ್ರ ಇರುವುದರಲ್ಲಿ ಅತಿ ಸಣ್ಣ ಪ್ಯಾಕು. ಬಂಧುಗಳು ಕಳಿಸುವ ಶುಭೋದಯದ ಗುಲಾಬಿ ಹೂಗಳಿಗೇ ತಿಂಗಳ ಮೊದಲ ವಾರದಲ್ಲಿ ಅದು ಖಲಾಸ್ ಆಗುತ್ತದೆ.

ಆದಕಾರಣ ಅಬುಧಾಬಿಯಲ್ಲಿ ಎಲ್ಲೆಲ್ಲಿ ವೈಫೈ ಪುಕ್ಕಟೆ ಎಂಬುದು ನನಗೆ ಬಾಯಿಪಾಠವಾಗಿದೆ. ಹಮ್ದಾನ್ ಸ್ಟ್ರೀಟಿನಲ್ಲಿರುವ ನನ್ನ ಆಫೀಸಿನಿಂದ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ನನ್ನ ಮನೆಯ ತನಕ, ಯಾವ ಮಾಲಿನ ಯಾವ ಬೆಂಚಿನಲ್ಲಿ ಕೂತರೆ ಸಿಗ್ನಲ್ಲು ತುಂಬ ಬರುತ್ತದೆ, ಯಾವ ದಂತವೈದ್ಯರ ಕ್ಲಿನಿಕ್ಕಿನ ಹೊರಗೋಡೆಗೆ ಒರಗಿದರೆ ಮೆಸೇಜು ಹೋಗುತ್ತದೆ, ಎಲ್ಲ ಗೊತ್ತು. ಇವುಗಳಲ್ಲೆಲ್ಲ ನಾನು ಶ್ರೇಷ್ಠ ಎಂದು ಬಗೆದದ್ದು ನಮ್ಮ ಮನೆಗೆ ಸಮೀಪದ ಒಂದು ವಿಶ್ವವಿದ್ಯಾಲಯದ ಅತಿಥಿ ಜಾಲವನ್ನು. ಒಮ್ಮೆ ಅಲ್ಲಿ ಸಾರ್ವಜನಿಕರಿಗಾಗಿ ಏರ್ಪಡಿಸಿದ್ದ ಒಂದು ಉಪನ್ಯಾಸಕ್ಕೆ ಹೋಗಿದ್ದೆ. ಉಪನ್ಯಾಸ ಮರುಭೂಮಿಯ ಅಂತರ್ಜಲದ ಕುರಿತಾಗಿತ್ತು. ನಾನು ಹೋದದ್ದು ಕೊನೆಯಲ್ಲಿ ಕೊಡುವ ಸಮೋಸದ ಕುರಿತಾಗಿತ್ತು. ಅಲ್ಲಿನ ಗೋಡೆಯ ಮೇಲೆ, ಬಂದವರೆಲ್ಲರಿಗೂ ನಮ್ಮ ಜಾಲಕ್ಕೆ ಸ್ವಾಗತ ಎಂದು ದೊಡ್ಡದಾಗಿ ಬರೆದಿತ್ತು. ನನ್ನ ವಂಶದಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಡಿಗ್ರಿಗಾಗಿ ಅಲ್ಲ, ಸಿಗ್ನಲ್ಲಿಗಾಗಿ ಹತ್ತಿದ್ದು ಎಂಬುದನ್ನು ಊರಿನಲ್ಲಿ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ಈಗ ನನ್ನ ಮಾವನವರನ್ನು ಪರಿಚಯಿಸಬೇಕು. ಎದ್ದು ನಿಂತು ಪರಿಚಯಿಸಬೇಕಾದಂಥ ವ್ಯಕ್ತಿ ಅವರು. ಉಡುಪಿಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರಾಗಿದ್ದು ನಿವೃತ್ತರಾದವರು. ವಿಸಿಟ್ ವೀಸಾದಲ್ಲಿ ಮಗಳ ಮನೆಗೆ ಬಂದಿದ್ದಾರೆ. ಅವರು ನನ್ನನ್ನು ಬಹುವಚನದಲ್ಲಿ, "ಅಳಿಯಂದಿರೇ" ಎಂದು ಕರೆಯುತ್ತಾರೆ. ಅವರು ಅಷ್ಟು ಮರ್ಯಾದೆ ಕೊಟ್ಟು ಕರೆದಾಗಲೆಲ್ಲ ನಾನು ಏನೋ ತಪ್ಪು ಮಾಡಿದ್ದೇನೆಂದು ನನಗೆ ತಿಳಿಯುತ್ತದೆ. ಅವರು ಬಂದ ದಿನ ನಾನು ವಿಮಾನ ನಿಲ್ದಾಣದಲ್ಲಿ ಹೂಗುಚ್ಛ ಹಿಡಿದು, ಅವರು ಹೊರಬರದ ಬಾಗಿಲಿನ ಎದುರು ಬಹಳ ಹೊತ್ತು ನಿಂತಿದ್ದೆ. ಅವರು ಇನ್ನೊಂದು ಬಾಗಿಲಿನ ಎದುರು ಟ್ರಾಲಿಯ ಮೇಲೆ ಸಿಂಹಾಸನದಲ್ಲಿ ಕೂತಂತೆ ಕೂತಿದ್ದರು. ನಾನು ಓಡೋಡಿ ಹೋದಾಗ, "ಪರವಾಗಿಲ್ಲ ಅಳಿಯಂದಿರೇ, ಎರಡು ಬಾಗಿಲು ಇದ್ದಲ್ಲಿ ನೀವು ತಪ್ಪಿದ್ದನ್ನೇ ಆರಿಸುದು ನನಗೆ ಹೊಸತಲ್ಲ" ಎಂದರು. ಮದುವೆಯಾದಂದಿನಿಂದ ಅವರ ದೃಷ್ಟಿಯಲ್ಲಿ ಒಂದು ಸಲವಾದರೂ ಉಪಯೋಗಕ್ಕೆ ಬಿದ್ದವನು ಎನಿಸಿಕೊಳ್ಳಬೇಕು ಎಂಬುದು ನನ್ನ ಬಾಳಿನ ಏಕೈಕ ಮಹತ್ವಾಕಾಂಕ್ಷೆ.

ಮಾವನವರಿಗೆ ಬಾಳಿನಲ್ಲಿ ಉಳಿದಿರುವ ಒಂದೇ ಹಂಬಲ ತಾಳಮದ್ದಳೆ. ಯಕ್ಷಗಾನದಿಂದ ವೇಷವನ್ನೂ ಕುಣಿತವನ್ನೂ ತೆಗೆದುಹಾಕಿದರೆ ಉಳಿಯುವುದು ಅದೇ. ಭಾಗವತರು ಒಂದು ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಎಂಬವರು ಪಂಚೆ ಉಟ್ಟು ಶಾಲು ಹೊದ್ದು ಕುಳಿತಲ್ಲಿಂದಲೇ, ತಾವೇ ಆ ಪಾತ್ರವಾಗಿ, ಆ ಪದ್ಯದ ಅರ್ಥವನ್ನು ಪದ್ಯಕ್ಕೇ ಗಾಬರಿಯಾಗುವಷ್ಟು ವಿಸ್ತಾರವಾಗಿ ಹೇಳುತ್ತಾರೆ. ಎದುರಿನವನು ಅದನ್ನು ಖಂಡಿಸುತ್ತಾನೆ. ಇವರು ಮರುಖಂಡಿಸುತ್ತಾರೆ. ಪುರಾಣದಲ್ಲಿ ಯಾರು ಗೆದ್ದರು ಎಂಬುದು ಮುಖ್ಯವಲ್ಲ, ಇವತ್ತು ಮಾತಿನಲ್ಲಿ ಯಾರು ಗೆದ್ದರು ಎಂಬುದು ಮುಖ್ಯ. ಮಾವನವರ ಊರಿನ ಸಂಘ ಶನಿವಾರ ಶನಿವಾರ ಕೂಟ ನಡೆಸುತ್ತದೆ. ಕೊರೊನಾ ಕಾಲದಲ್ಲಿ ಮನೆಮನೆಯಿಂದ ಮಾತಾಡಿ ಅಭ್ಯಾಸವಾದ ಮೇಲೆ, ಊರಲ್ಲಿಲ್ಲದವರು ಪರದೆಯ ಮೂಲಕ ಅರ್ಥ ಹೇಳುವುದಕ್ಕೂ ಅಲ್ಲಿ ಅವಕಾಶ ಉಂಟು. ಸಭಾಂಗಣದ ಗೋಡೆಯ ಮೇಲೆ ಆಳೆತ್ತರದ ಮುಖ, ಎರಡೂ ಬದಿಗೆ ಸ್ಪೀಕರು.

ಈ ಸಂಘದಲ್ಲಿ ಅರಸನ ಪಾತ್ರ ಎಂದರೆ ಮಾವನದ್ದು ಎಂಬುದು ಬಹಳ ವರ್ಷಗಳ ಪದ್ಧತಿ. ಎದುರು ಪಾತ್ರ ಸುಬ್ರಾಯರದ್ದು. ಸುಬ್ರಾಯರು ಸೊಸೈಟಿ ಬ್ಯಾಂಕಿನಲ್ಲಿ ಸಾಲ ವಸೂಲಿ ಮಾಡಿ ನಿವೃತ್ತರಾದವರು. ಎದುರಿನವನ ಬಾಯಿ ಮುಚ್ಚಿಸುವುದು ಅವರಿಗೆ ವೃತ್ತಿಯಿಂದ ಬಂದ ವಿದ್ಯೆ. ಮಾವ ಇಲ್ಲಿಗೆ ಬಂದು ಒಂದೆರಡು ಶನಿವಾರ ತಪ್ಪುತ್ತಲೇ ಅವರು ಸಂಘದಲ್ಲಿ ಒಂದು ಮಾತು ತೇಲಿಬಿಟ್ಟರು: "ಮಾಸ್ಟ್ರಿಗೆ ಮರುಭೂಮಿಯಲ್ಲಿ ನಾಲಿಗೆ ಒಣಗಿದ ಹಾಗೆ ಕಾಣ್ತದೆ. ಪಾಪ, ವಯಸ್ಸೂ ಆಯ್ತಲ್ಲ. ಅರಸನನ್ನು ಇನ್ನು ನಾನೇ ಹೇಳ್ತೇನೆ." ಸಂಘದ ಕಾರ್ಯದರ್ಶಿ ನ್ಯಾಯವಂತ. ಬರುವ ಶನಿವಾರ ಮಾಸ್ಟ್ರು ಅಬುಧಾಬಿಯಿಂದಲೇ ಅರಸನ ಅರ್ಥ ಹೇಳಲಿ, ಸುಬ್ರಾಯರು ರಾಯಭಾರಿ. ಮಾಸ್ಟ್ರು ಬಾರದಿದ್ದರೆ ಅಥವಾ ನಡುವೆ ಬಿಟ್ಟುಹೋದರೆ ಅರಸನ ಪಾತ್ರ ಇನ್ನು ಮುಂದೆ ಸುಬ್ರಾಯರಿಗೆ ಎಂದು ತೀರ್ಮಾನವಾಯಿತು. ಪ್ರಸಂಗ ಯಾವುದು ಎಂದು ಹೇಳುವುದಿಲ್ಲ. ಹೇಳಿದರೆ ಓದುಗರಲ್ಲಿ ಅರ್ಧ ಜನ ಅರಸನ ಕಡೆಗೂ ಅರ್ಧ ಜನ ರಾಯಭಾರಿಯ ಕಡೆಗೂ ಸೇರಿ, ನನ್ನ ಗೋಳನ್ನು ಕೇಳುವವರೇ ಇಲ್ಲವಾಗುತ್ತಾರೆ.

ಮಾವ ವಾರವಿಡೀ ತಯಾರಿ ನಡೆಸಿದರು. ಬೆಳಿಗ್ಗೆ ಹಲ್ಲುಜ್ಜುವಾಗ ಬಚ್ಚಲಿನಿಂದ "ಎಲವೋ!" ಎಂಬ ಗರ್ಜನೆ ಕೇಳಿ ಪಕ್ಕದ ಫ್ಲ್ಯಾಟಿನ ಈಜಿಪ್ಟಿನವರು ಎರಡು ಸಲ ಬಾಗಿಲು ತಟ್ಟಿ ಎಲ್ಲ ಕ್ಷೇಮವೇ ಎಂದು ವಿಚಾರಿಸಿದರು. ಶುಕ್ರವಾರ ನಮ್ಮ ಬೀದಿಯ ಕೊನೆಯಲ್ಲಿ ರಸ್ತೆ ಅಗೆಯುವ ಯಂತ್ರ ಬಂತು. ಶನಿವಾರ ಬೆಳಿಗ್ಗೆ ಮನೆಯ ಇಂಟರ್ನೆಟ್ ಸತ್ತಿತು. ರಿಪೇರಿಯವರು ಸೋಮವಾರ ಎಂದರು. ಮಾವ ಸೋಫಾದಲ್ಲಿ ಕೂತು, ಶಾಲನ್ನು ಮಡಿಸಿ ಪಕ್ಕಕ್ಕಿಟ್ಟು, "ಹೋಗಲಿ ಬಿಡು ಮಗಾ. ಸುಬ್ರಾಯನೂ ಚೆನ್ನಾಗಿಯೇ ಹೇಳ್ತಾನೆ" ಎಂದರು. ಸುಬ್ರಾಯರು ಚೆನ್ನಾಗಿ ಹೇಳುತ್ತಾರೆಂದು ಅವರು ಒಪ್ಪಿಕೊಂಡದ್ದನ್ನು ಕೇಳಿ ವಿಮಲಳ ಕಣ್ಣಲ್ಲಿ ನೀರು ಬಂತು. ಆ ಮಾತು ಅವರ ಬಾಯಲ್ಲಿ ಬಂದಿದೆ ಎಂದರೆ ಒಳಗೆ ಏನೋ ಮುರಿದಿದೆ ಎಂದೇ ಅರ್ಥ.

ನನ್ನ ಮಗಳು ಅದಿತಿ ಮೊಬೈಲಿನಿಂದ ತಲೆಯೆತ್ತದೆ, "ಅಪ್ಪಾ, ಜಸ್ಟ್ ಬೈ ಮೋರ್ ಡೇಟಾ" ಎಂದಳು. ಈ ಪೀಳಿಗೆಗೆ ಎಲ್ಲ ಕಷ್ಟಕ್ಕೂ ಕೊಳ್ಳುವುದೊಂದೇ ಪರಿಹಾರ. ನಾನು ಎದ್ದು ನಿಂತೆ. ಜೀವಮಾನದಲ್ಲಿ ನನ್ನ ವಿದ್ಯೆ ಉಪಯೋಗಕ್ಕೆ ಬರುವ ಗಳಿಗೆ ಬಂದಿತ್ತು. "ಮಾವ, ಶಾಲು ಹೊದ್ದುಕೊಳ್ಳಿ. ನಾವು ವಿಶ್ವವಿದ್ಯಾಲಯಕ್ಕೆ ಹೋಗುವ" ಎಂದೆ. ಮಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿಮ್ಮನ್ನು ಅಲ್ಲಿ ಒಳಗೆ ಬಿಡ್ತಾರಾ ಅಳಿಯಂದಿರೇ?" ಎಂದರು.

ಬಿಟ್ಟರು. ಶನಿವಾರ ಸಂಜೆಯಾದ್ದರಿಂದ ಜನ ಕಡಿಮೆ. ತಂಪಾದ ದೊಡ್ಡ ಪಡಸಾಲೆ, ಮೂಲೆಯಲ್ಲಿ ಚಹಾದ ಕೌಂಟರು, ನೆಲದ ಮೇಲೆ ಬಿದ್ದಿರುವ ಮೂಟೆಯಂಥ ಆಸನಗಳಲ್ಲಿ ಒರಗಿದ ಕೆಲವು ವಿದ್ಯಾರ್ಥಿಗಳು. ಮಾವ ಅವರನ್ನು ನೋಡಿ, "ಇವರಿಗೆಲ್ಲ ಹುಷಾರಿಲ್ಲವಾ?" ಎಂದು ಕೇಳಿದರು. ಓದುತ್ತಿದ್ದಾರೆ ಎಂದೆ. ನಿವೃತ್ತ ಹೆಡ್‌ಮಾಸ್ಟರು ತಮ್ಮ ಬೆನ್ನನ್ನು ಇನ್ನಷ್ಟು ನೆಟ್ಟಗೆ ಮಾಡಿಕೊಂಡರು.

ನಾನು ಲ್ಯಾಪ್‌ಟಾಪ್ ತೆರೆದು ಅತಿಥಿ ಜಾಲ ಹುಡುಕಿದೆ. ಮೊದಲು ನಿಯಮಗಳು ಬಂದವು. ಲೋಕದಲ್ಲಿ ಎಲ್ಲರೂ ನಿಯಮಗಳನ್ನು ಓದದೆಯೇ ಒಪ್ಪಿಗೆ ಎಂದು ಒತ್ತುತ್ತಾರಂತೆ. ಮಾವ ಅದಕ್ಕೆ ಬಿಡಲಿಲ್ಲ. ನಾನು ಗಟ್ಟಿಯಾಗಿ ಓದಿ ಅರ್ಥ ಹೇಳಬೇಕಾಯಿತು. ವ್ಯಾಪಾರ ಮಾಡಬಾರದು, ಯಾರನ್ನೂ ಮೋಸಗೊಳಿಸಬಾರದು, ಇತರರ ಮನಸ್ಸು ನೋಯುವಂಥ ಮಾತು ಹರಡಬಾರದು.

"ಮನಸ್ಸು ನೋಯಿಸಬಾರದಾ? ಸುಬ್ರಾಯನದ್ದೂ?" ಎಂದು ಮಾವ ತಡೆದರು.

"ಅದು ಕಲೆ ಅಪ್ಪಯ್ಯ, ಲೆಕ್ಕಕ್ಕಿಲ್ಲ" ಎಂದಳು ವಿಮಲ.

"ಹಾಗಾದರೆ ಒಪ್ಪಿಗೆ ಕೊಡಿ ಅಳಿಯಂದಿರೇ."

ಆಮೇಲೆ ಇಲ್ಲಿನ ಒಂದು ಮೊಬೈಲ್ ಸಂಖ್ಯೆ ಕೇಳಿತು; ಆ ಸಂಖ್ಯೆಗೆ ಒಂದು ಕೋಡು ಬರುತ್ತದೆ, ಅದನ್ನು ಒತ್ತಿದರೆ ಬಾಗಿಲು ತೆರೆಯುತ್ತದೆ. ನನ್ನ ಸಂಖ್ಯೆ ಕೊಟ್ಟೆ, ತೆರೆಯಿತು. ಒಂದು ಸಂಖ್ಯೆಗೆ ದಿನಕ್ಕೆ ಒಂದು ಗಂಟೆ ಮಾತ್ರ ಎಂದು ಕೆಳಗೆ ಬರೆದಿತ್ತು. ಒಂದು ಗಂಟೆ ಎಂದರೆ ಎಷ್ಟು ಉದಾರ! ಅತಿಥಿಗಳನ್ನು ಇಷ್ಟು ಹೊತ್ತು ಇರಿಸಿಕೊಳ್ಳುವ ಮನೆಗಳು ನನ್ನ ನೆಂಟರಲ್ಲಿ ಕೆಲವೇ ಇವೆ. ನಾನು ಮನಸ್ಸಿನಲ್ಲೇ ಆ ಸಂಸ್ಥೆಗೆ ವಂದಿಸಿದೆ. ಒಬ್ಬ ಅರ್ಥಧಾರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಗಂಟೆಯನ್ನು ಉದಾರವೆಂದು ಬಗೆಯುವ ಮೂರ್ಖತನವನ್ನು ಕರಾವಳಿಯಲ್ಲಿ ಹುಟ್ಟಿದ ಬೇರೆ ಯಾರೂ ಮಾಡಿರಲಾರರು.

ಭಾಗವತರ ಪದ್ಯ ಕೇಳಿಬಂತು. ಮಾವ ಶಾಲು ಸರಿಪಡಿಸಿ, ಗಂಟಲು ಸವರಿ, "ಭಲಾ!" ಎಂದರು. ಮೂಟೆಗಳ ಮೇಲಿದ್ದ ವಿದ್ಯಾರ್ಥಿಗಳೆಲ್ಲ ಒಟ್ಟಿಗೆ ಎದ್ದು ಕೂತರು. ವಿಚಾರಣೆ ಕೌಂಟರಿನಲ್ಲಿದ್ದ ಹೆಂಗಸು ಅವಸರವಸರವಾಗಿ ನಮ್ಮತ್ತ ಬಂದು ಇಂಗ್ಲಿಷಿನಲ್ಲಿ, ದಯವಿಟ್ಟು ಸ್ವಲ್ಪ ಮೆಲ್ಲಗೆ, ಎನ್ನುತ್ತಿದ್ದವರು ಪರದೆಯಲ್ಲಿ ಮದ್ದಳೆ ನೋಡಿ ನಿಂತುಬಿಟ್ಟರು. "ನೀವು ಊರಿನವರಾ? ನಂದು ಶಿರ್ವ. ಗ್ರೇಸಿ ಅಂತ. ನಮ್ಮ ಇಗರ್ಜಿ ಉಂಟಲ್ಲ, ಚರ್ಚು, ಅದರ ಹತ್ರ ಗದ್ದೆಯಲ್ಲಿ ಯಕ್ಷಗಾನದ ಆಟ ಆಗ್ತಿತ್ತು, ಸಣ್ಣದಿರುವಾಗ ಅಪ್ಪನ ಒಟ್ಟಿಗೆ ಹೋಗ್ತಿದ್ದೆ" ಎಂದರು. ಆಮೇಲೆ ದನಿ ತಗ್ಗಿಸಿ, "ಇಲ್ಲಿ ಬೊಬ್ಬೆ ಹಾಕುದು ಆಗ್ಲಿಕ್ಕಿಲ್ಲ ಸರ್. ಬನ್ನಿ, ಗುಂಪು ಚರ್ಚೆಯ ಕೋಣೆ ಖಾಲಿ ಉಂಟು. ಸಾರ್ವಜನಿಕರೂ ಕೂರಬಹುದು" ಎಂದು ಒಂದು ಗಾಜಿನ ಕೋಣೆಗೆ ಕರೆದೊಯ್ದರು. ಮಾವ ಮಾತು ನಿಲ್ಲಿಸದೆಯೇ ನಡೆದರು. ಮುಂದೆ ತೆರೆದ ಲ್ಯಾಪ್‌ಟಾಪನ್ನು ಆರತಿ ತಟ್ಟೆಯಂತೆ ಹಿಡಿದ ನಾನು, ಹಿಂದೆ ಗರ್ಜಿಸುತ್ತ ಅರಸ, ಅವರ ಹಿಂದೆ, ಅವರು ಕಳಚಿಟ್ಟಿದ್ದ ಚಪ್ಪಲಿ ಹಿಡಿದುಕೊಂಡು ವಿಮಲ. ಆ ಸಂಸ್ಥೆಯಲ್ಲಿ ಘಟಿಕೋತ್ಸವದ ಮೆರವಣಿಗೆಗಳು ನಡೆದಿರಬಹುದು, ಆದರೆ ಇಷ್ಟು ಗಾಂಭೀರ್ಯದಿಂದ ನಡೆದಿರಲಿಕ್ಕಿಲ್ಲ.

ಪೀಠಿಕೆ ಎಂದರೆ ಪಾತ್ರ ತನ್ನನ್ನು ತಾನು ಪರಿಚಯಿಸಿಕೊಳ್ಳುವುದು. ಅರಸ ಬೆಳಿಗ್ಗೆ ಎದ್ದ, ಕಿಟಕಿಯಿಂದ ರಾಜಧಾನಿಯನ್ನು ನೋಡಿದ, ರಾಜಧಾನಿ ಹೇಗಿತ್ತು, ಅದನ್ನು ಕಟ್ಟಿಸಿದ ಅಜ್ಜ ಎಂಥವನು, ಅಜ್ಜನ ಅಪ್ಪ ಅದಕ್ಕೆ ಒಪ್ಪದಿರಲು ಕಾರಣವೇನು. ಸಭೆಗೆ ಹೊರಟವನು ಸಿಂಹಾಸನದ ಮೊದಲ ಮೆಟ್ಟಿಲಿಗೆ ಕಾಲಿಡುವಾಗ ಲ್ಯಾಪ್‌ಟಾಪಿನ ಮೂಲೆಯಲ್ಲಿ ಒಂದು ಎಚ್ಚರಿಕೆ ಕಾಣಿಸಿತು: ನಿಮ್ಮ ಸಮಯ ಇನ್ನೇನು ಮುಗಿಯಲಿದೆ. ರಾಯಭಾರಿ ಇನ್ನೂ ಊರನ್ನೇ ಬಿಟ್ಟಿರಲಿಲ್ಲ. ದೈವಕೃಪೆ, ಅಷ್ಟರಲ್ಲಿ ಭಾಗವತರು ಪದ್ಯ ಎತ್ತಿಕೊಂಡರು. ಅವರು ರಾಗ ಎಳೆಯುವಷ್ಟರಲ್ಲಿ ನಾನು ವಿಮಲಳ ಸಂಖ್ಯೆ ಒತ್ತಿ, ಅವಳಿಗೆ ಬಂದ ಕೋಡು ಒತ್ತಿ, ಮತ್ತೆ ಬಾಗಿಲು ತೆರೆಸಿದೆ. ಪದ್ಯ ಮುಗಿಯುವ ಹೊತ್ತಿಗೆ ಅರಸ ಏನೂ ಆಗದವನಂತೆ ಎರಡನೆಯ ಮೆಟ್ಟಿಲು ಹತ್ತಿದ. ಮದ್ದಳೆಯವರಿಗೂ ಗೊತ್ತಾಗದ ಹಾಗೆ ತಾಳದೊಳಗೇ ಕೆಲಸ ಮುಗಿಸಿದ್ದೆ. ಹೆಮ್ಮೆಯಿಂದ ಮಾವನತ್ತ ನೋಡಿದೆ. ಅವರು ರಾಜಧಾನಿಯಲ್ಲಿದ್ದರು, ನೋಡಲಿಲ್ಲ.

ಎರಡನೆಯ ಗಂಟೆಯಲ್ಲಿ ರಾಯಭಾರಿ ಬಂದ, ಜಗಳ ಹತ್ತಿತು. ಗಾಜಿನ ಹೊರಗೆ ವಿದ್ಯಾರ್ಥಿಗಳು ಸೇರತೊಡಗಿದರು. ಯಾವ ವಿಷಯದ ಪ್ರೊಫೆಸರು ಎಂದು ಒಬ್ಬಳು ಗ್ರೇಸಿಯವರನ್ನು ಕೇಳಿದಳಂತೆ. ರಾಜನೀತಿ ಎಂದು ಅವರು ಹೇಳಿದರಂತೆ. ಆ ಗಂಟೆಯೂ ಕರಗಿದಾಗ ಗ್ರೇಸಿಯವರೇ ಮೊಬೈಲ್ ಮುಂದೆ ಹಿಡಿದು, "ನಂದು ಹಾಕಿ ಸರ್. ನಾನು ಇಲ್ಲಿ ಕೆಲಸದವಳಾದ್ರೂ ಅತಿಥಿ ಜಾಲವನ್ನು ಒಂದು ದಿನವೂ ಮುಟ್ಟಿದವಳಲ್ಲ" ಎಂದರು. ಅದರಿಂದ ಮೂರನೆಯ ಗಂಟೆ ದಕ್ಕಿತು. ಚಹಾ ಕೌಂಟರಿನ ಹಮೀದ್ ಭಾಯಿ, ಅವರು ಬಂಟ್ವಾಳದ ಬ್ಯಾರಿ, ಗಿರಾಕಿಗಳನ್ನು ಬಿಟ್ಟು ಬಂದು ಬಾಗಿಲಿಗೆ ಒರಗಿ ನಿಂತಿದ್ದರು. "ನಿಮ್ಮ ಮಾವನ ಗಂಟಲು ಎಂತದು ಮಾರಾಯ್ರೆ! ನಮ್ಮ ಊರಿನ ವಾದದ ಸಭೆಯಲ್ಲಿ ಸಹ ಇಂಥಾ ಸ್ವರ ಕೇಳ್ಲಿಲ್ಲ. ಇನ್ನೊಂದು ಗಂಟೆ ಬೇಕಾ? ನಂದುಂಟು, ಟೆನ್ಶನ್ ಮಾಡ್ಬೇಡಿ" ಎಂದು ಎಲ್ಲರಿಗೂ ಚಹಾ ತಂದಿಟ್ಟರು. ಇನ್ನೊಂದು ಗಂಟೆ ಸಾಕಾಗಿತ್ತು. ಅಷ್ಟರಲ್ಲಿ ಊರಿನವರಿಗೂ ಊಟದ ಹೊತ್ತಾಗುತ್ತದೆ, ಅರಸನೂ ಯುದ್ಧಕ್ಕೆ ಒಪ್ಪುತ್ತಾನೆ.

ಆಗ ಸುಬ್ರಾಯರು ತಮ್ಮ ಬತ್ತಳಿಕೆಯಿಂದ ಆ ಪ್ರಶ್ನೆಯನ್ನು ತೆಗೆದರು. ವಾರವಿಡೀ ಮಸೆದು ಇಟ್ಟಿದ್ದಿರಬೇಕು. "ಅರಸಾ, ಮಾತು ಕೊಟ್ಟು ತಪ್ಪಿದವನು ಒಬ್ಬ, ಕೊಟ್ಟ ಮಾತನ್ನೇ ಮರೆತವನು ಇನ್ನೊಬ್ಬ. ಮೊದಲನೆಯವನು ದ್ರೋಹಿ, ಎರಡನೆಯವನು ದಡ್ಡ. ಈ ಇಬ್ಬರಲ್ಲಿ ಸಿಂಹಾಸನದ ಮೇಲೆ ಕೂತವನು ಯಾರು? ಹೇಳು!"

ಮಾವ ಗಲ್ಲ ಸ್ವಲ್ಪ ಎತ್ತಿ, ಒಂದು ಹುಬ್ಬು ಏರಿಸಿ, ಬಾಯಿ ತೆರೆಯುವ ಮುಂಚೆ ಎಳ್ಳಷ್ಟು ನಕ್ಕರು. ಅದೇ ಕ್ಷಣಕ್ಕೆ ಗ್ರೇಸಿಯವರ ಗಂಟೆ ಮುಗಿಯಿತು. ಪದ್ಯವಿಲ್ಲ, ರಾಗವಿಲ್ಲ, ಅಡಗಿಕೊಳ್ಳಲು ತಾಳದ ಸಂದಿಯೂ ಇಲ್ಲ. ನಾನು ಹಮೀದ್ ಭಾಯಿಯ ಸಂಖ್ಯೆಯನ್ನು ಒತ್ತಿದೆ. ಈ ಸಂಖ್ಯೆಯ ಇವತ್ತಿನ ಪಾಲು ಮುಗಿದಿದೆ ಎಂದು ಉತ್ತರ ಬಂತು.

"ಯಾ ಅಲ್ಲಾ!" ಹಮೀದ್ ಭಾಯಿ ಹಣೆ ಬಡಿದುಕೊಂಡರು. "ಮಧ್ಯಾಹ್ನ ಕ್ರಿಕೆಟ್ ನೋಡಿದ್ದೆ ಮಾರಾಯ್ರೆ, ಮರ್ತೇ ಹೋಯ್ತು. ನಂದೂ ಖಲಾಸ್!"

"ನೀವು ಆ ಡಾಟಾ ಒಂದು ಹಾಕಿಸಿಕೊಂಡಿದ್ದರೆ" ಎಂದು ವಿಮಲ ಶುರುಮಾಡಿದಳು. ನಾನು ಆ ಗಳಿಗೆಯಲ್ಲಿ ತತ್ತ್ವವನ್ನೂ ಬಿಟ್ಟು ಡಾಟಾ ಕೊಳ್ಳಲು ಹೊರಟೆ. ಕೊಳ್ಳುವ ಆಪ್ ತೆರೆಯಬೇಕಾದರೆ ಮೊದಲು ಡಾಟಾ ಇರಬೇಕು ಎಂದು ತಿಳಿಯಿತು. ಹೊರಗಿದ್ದ ವಿದ್ಯಾರ್ಥಿಗಳದ್ದು ಬೇರೆಯೇ ಜಾಲ, ಅವರ ಸಂಖ್ಯೆಯನ್ನು ಅತಿಥಿ ಜಾಲ ಒಪ್ಪುವುದಿಲ್ಲ, ತಮ್ಮ ಜಾಲದ ಗುಟ್ಟನ್ನು ಇತರರಿಗೆ ಕೊಟ್ಟರೆ ಶಿಕ್ಷೆಯಂತೆ. ಮನೆಯಲ್ಲಿದ್ದ ಅದಿತಿ ಫೋನು ಎತ್ತಲಿಲ್ಲ. ಕಡೆಗೆ ಗ್ರೇಸಿ ತಮ್ಮ ಗಂಡನ ಸಂಖ್ಯೆ ಒತ್ತಿಸಿ, ಮುಸಫ್ಫಾದಲ್ಲಿ ಕಾರು ತೊಳೆಸುತ್ತಿದ್ದ ಅವರಿಗೆ ಫೋನು ಮಾಡಿದರು.

"ವಿಲ್ಫಿ, ತುಕಾ ಏಕ್ ನಂಬರ್ ಯೆತಾ, ತೊ ಮ್ಹಾಕಾ ಸಾಂಗ್!"

ನಿನಗೊಂದು ನಂಬರು ಬರುತ್ತದೆ, ಅದನ್ನು ನನಗೆ ಹೇಳು ಎಂಬಷ್ಟು ನಮಗೂ ಅರ್ಥವಾಯಿತು. ಆದರೆ ಈ ದೇಶದಲ್ಲಿ ಬ್ಯಾಂಕಿನವರು ಬೆಳಿಗ್ಗೆ ಒಂದು ಸಲ, ಆಫೀಸಿನವರು ಸಂಜೆ ಒಂದು ಸಲ, ಯಾರು ಕೇಳಿದರೂ ಕೋಡು ಹೇಳಬೇಡಿ ಎಂದು ಮೆಸೇಜು ಕಳಿಸಿ ಕಳಿಸಿ ನಮ್ಮ ಜನರನ್ನು ಎಷ್ಟು ಹದಗೊಳಿಸಿದ್ದಾರೆಂದರೆ, ವಿಲ್ಫಿಯವರು ಹೆಂಡತಿಗೂ ಕೋಡು ಹೇಳಲು ಒಪ್ಪಲಿಲ್ಲ. ಈಗಿನ ಕಾಲದಲ್ಲಿ ಕಳ್ಳರು ಹೆಂಡತಿಯ ಸ್ವರವನ್ನೂ ಕಂಪ್ಯೂಟರಿನಲ್ಲಿ ಮಾಡುತ್ತಾರಂತೆ. ನೀನು ಗ್ರೇಸಿಯೇ ಆದರೆ ನಮ್ಮ ಮದುವೆಯ ತಾರೀಕು ಹೇಳು ಎಂದರು. ಗ್ರೇಸಿ ಹೇಳಿದರು. ಉತ್ತರ ಸರಿಯೋ ತಪ್ಪೋ ಎಂದು ವಿಲ್ಫಿಯವರಿಗೇ ಗೊತ್ತಿರಲಿಲ್ಲ. "ಮನೆಗೆ ಬನ್ನಿ, ನಾನು ಗ್ರೇಸಿಯಾ ಅಲ್ವಾ ತೋರಿಸ್ತೇನೆ" ಎಂದು ಗ್ರೇಸಿ ಕನ್ನಡದಲ್ಲೇ, ಬಹುಶಃ ನಾವೂ ಸಾಕ್ಷಿಯಾಗಿರಲಿ ಎಂದು, ಕಿರುಚಿದ ಮೇಲೆ ಅದು ಅಸಲಿ ಸ್ವರ ಎಂದು ವಿಲ್ಫಿಯವರಿಗೆ ಖಾತ್ರಿಯಾಯಿತು. ಕೋಡು ಬಂತು.

ಇಷ್ಟು ಹೊತ್ತು ಊರಿನಲ್ಲಿ ಏನಾಗಿತ್ತು ಎಂಬುದು ಸಂಘದವರು ಆಮೇಲೆ ಕಳಿಸಿದ ರೆಕಾರ್ಡಿಂಗಿನಿಂದ ನಮಗೆ ತಿಳಿದದ್ದು. ನಮ್ಮ ಜಾಲ ಕಡಿದಾಗ ಅವರ ಗೋಡೆಯ ಮೇಲೆ ಮಾವನ ಮುಖ ಇದ್ದಂತೆಯೇ ನಿಂತುಬಿಟ್ಟಿತ್ತು: ಎತ್ತಿದ ಗಲ್ಲ, ಏರಿಸಿದ ಹುಬ್ಬು, ಎಳ್ಳಷ್ಟು ನಗೆ, ಆಳೆತ್ತರ. ಸಂಪರ್ಕ ಹೋಗಿದೆ ಎಂದು ಅಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅರಸ ಉತ್ತರಿಸುತ್ತಿಲ್ಲ, ಅಷ್ಟೆ. ಸುಬ್ರಾಯರು ವಿಜಯದ ನಗೆ ನಕ್ಕು ಕಾದರು. ನಗೆ ಸ್ವಲ್ಪ ಹೊತ್ತಿನಲ್ಲಿ ಬಾಡಿತು. "ಹೇಳು ಅರಸಾ" ಎಂದರು. ಅರಸ ಹುಬ್ಬು ಇಳಿಸಲಿಲ್ಲ. "ನನ್ನ ಪ್ರಶ್ನೆ ಕಠಿಣವಾಯಿತೇ?" ಎಂದರು. ಅರಸ ಅದೇ ನಗೆ ನಗುತ್ತಿದ್ದ. ಸಭೆಯಲ್ಲಿ ಯಾರೋ, "ಕಣ್ಣು ಸಹ ಮಿಟುಕಿಸುದಿಲ್ಲ ನೋಡಿ!" ಎಂದದ್ದು ರೆಕಾರ್ಡಿಂಗಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಸಾಲಗಾರರು ಬೈದರೆ, ಅತ್ತರೆ, ಕಾಲು ಹಿಡಿದರೆ ಏನು ಮಾಡಬೇಕೆಂದು ಸುಬ್ರಾಯರಿಗೆ ಗೊತ್ತಿತ್ತು. ಸುಮ್ಮನೆ ಕೂತು ಮುಗುಳ್ನಕ್ಕ ಸಾಲಗಾರ ಅವರಿಗೆ ಎದುರಾಗಿಯೇ ಇರಲಿಲ್ಲ.

ಅವರು ತಡವರಿಸಿದರು. "ಅರ್ಧ ರಾಜ್ಯ ಕೇಳಿದ್ದು ಹೆಚ್ಚಾಯಿತು ಎನ್ನುವೆಯಾ? ಕಾಲು ಭಾಗ ಕೊಡು." ಮೌನ. "ಕಾಲು ಭಾಗವೂ ಬೇಡ. ನಾಲ್ಕು ಊರು ಸಾಕು." ಮೌನ. ಹುಬ್ಬು. "ನಾಲ್ಕಲ್ಲದಿದ್ದರೆ ಒಂದು, ಗಡಿಯಲ್ಲಿರುವಂಥದು." ಪದ್ಯದಲ್ಲಿ ಇಲ್ಲದ ಚೌಕಾಸಿ ಕೇಳಿ ಭಾಗವತರು ಜಾಗಟೆ ಕೆಳಗಿಟ್ಟರು. ಸುಬ್ರಾಯರು ಶಾಲಿನಿಂದ ಕುತ್ತಿಗೆ ಒರೆಸಿಕೊಂಡು, "ಹೋಗಲಿ, ಒಂದು ಮನೆಯಾದರೂ..." ಎಂದರು.

ಸರಿಯಾಗಿ ಆಗ ವಿಲ್ಫಿಯವರ ಕೋಡು ಕೆಲಸ ಮಾಡಿತು. ಮಾವನ ಕಿವಿಗೆ ಬಿದ್ದದ್ದು ಆ ಕೊನೆಯ ಮಾತೊಂದೇ. ಕ್ಷಣವೂ ತಡೆಯಲಿಲ್ಲ.

"ಒಂದು ಮನೆಯೇ? ರಾಯಭಾರಿ ಬಂದಿದ್ದಾನೆ ಎಂದು ಆಸನ ಕೊಡಿಸಿದೆನಲ್ಲಾ! ಬೆಡ್‌ಸ್ಪೇಸ್ ಹುಡುಕಿಕೊಂಡು ಬಂದವನು ಎಂದು ಮೊದಲೇ ಹೇಳಿದ್ದರೆ ಅಡುಗೆಮನೆಯ ಪಕ್ಕ ಒಂದು ಮಂಚ ತೋರಿಸುತ್ತಿದ್ದೆನಲ್ಲೋ!"

ಒಂದು ಕೋಣೆಯಲ್ಲಿ ಮಂಚವೊಂದನ್ನೇ ಬಾಡಿಗೆಗೆ ಹಿಡಿಯುವ ನಮ್ಮ ಗಲ್ಫಿನ ಪದ ಪುರಾಣದ ಅರಸನ ಬಾಯಿಗೆ ಬಂದದ್ದು ಶಾಸ್ತ್ರಕ್ಕೆ ವಿರುದ್ಧ. ಆದರೆ ಆ ಊರಿನಲ್ಲಿ ಮಗನನ್ನೋ ತಮ್ಮನನ್ನೋ ಬೆಡ್‌ಸ್ಪೇಸಿಗೆ ಕಳಿಸದ ಮನೆ ಇಲ್ಲ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಇಲ್ಲಿ ಹಮೀದ್ ಭಾಯಿ ಗಾಜಿಗೆ ಗುದ್ದಿದರು. ಅವರನ್ನು ನೋಡಿ ವಿದ್ಯಾರ್ಥಿಗಳೂ ಏನೂ ತಿಳಿಯದೆ ಚಪ್ಪಾಳೆ ತಟ್ಟಿದರು. ಗ್ರೇಸಿ ವಿಮಲಳನ್ನು ಅಪ್ಪಿಕೊಂಡರು. ಆ ಮೇಲೆ ಸುಬ್ರಾಯರು ಹೇಳಿದ್ದು ಯಾರ ನೆನಪಿನಲ್ಲೂ ಉಳಿಯಲಿಲ್ಲ. ಮಂಗಳ ಹಾಡಿದ ನಂತರ ಕಾರ್ಯದರ್ಶಿ ಮೈಕಿನಲ್ಲಿ, ಅರಸನ ಪಾತ್ರ ಮಾಸ್ಟ್ರದ್ದೇ, ಅದರಲ್ಲಿ ಇನ್ನು ಚರ್ಚೆ ಬೇಡ ಎಂದು ಸಾರಿದರು. ಸುಬ್ರಾಯರು ಪರದೆಯ ಮುಂದೆ ಬಂದು ಕೈಮುಗಿದರು: "ಮಾಸ್ಟ್ರೇ, ಮಾತಿಗೆ ನಾನು ಹೆದರಿದವನಲ್ಲ. ನಿಮ್ಮ ಆ ಮೌನ ಉಂಟಲ್ಲ, ಅದಕ್ಕೆ ನನ್ನತ್ರ ಮದ್ದಿಲ್ಲ."

ಕಾರಿನಲ್ಲಿ ಮಾವ ನನ್ನ ಪಕ್ಕದಲ್ಲಿ ಕೂತು ಶಾಲು ಮಡಿಸಿದರು. ಆಮೇಲೆ ಮೆಲ್ಲನೆ ಹೇಳಿದರು: "ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಬಾಯಿ ತೆರೆದಿದ್ದರೆ ಸಿಕ್ಕಿಬೀಳ್ತಿದ್ದೆ. ಅದು ನಿಮಗೆ ನನ್ನ ಮುಖ ನೋಡಿಯೇ ಗೊತ್ತಾಯ್ತಲ್ಲ? ಸರಿಯಾದ ಹೊತ್ತಿಗೆ ಕಡಿದಿರಿ. ಬೇಕಂತಲೇ ಕಡಿದದ್ದು ಅಲ್ವಾ?"

ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಗಲ್ಲ ಸ್ವಲ್ಪ ಎತ್ತಿ, ಎದುರಿನ ಸಿಗ್ನಲನ್ನು ನೋಡುತ್ತ ಕೂತೆ.

"ದೊಡ್ಡವರು ಮಾಡಿದ್ದನ್ನು ಹೇಳಿಕೊಳ್ಳುದಿಲ್ಲ" ಎಂದರು ಮಾವ, ಹಿಂದಿನ ಸೀಟಿನಲ್ಲಿದ್ದ ಮಗಳ ಕಡೆಗೆ ತಿರುಗಿ. "ಇಷ್ಟು ವರ್ಷ ನಾನು ಇವನನ್ನು ತಪ್ಪು ತಿಳಿದೆ ಮಗಾ." ಇವನನ್ನು! ಮದುವೆಯಾದಂದಿನಿಂದ ನಾನು ಕಾಯುತ್ತಿದ್ದ ಏಕವಚನ. ವಿಮಲ ಹಿಂದಿನಿಂದ ಸಣ್ಣಗೆ ಕೆಮ್ಮಿದಳು. ನಾನು ಕನ್ನಡಿಯಲ್ಲಿ ಅವಳ ಮುಖ ನೋಡುವ ಧೈರ್ಯ ಮಾಡಲಿಲ್ಲ.

ಆ ಸುಖ ಮರುದಿನ ಬೆಳಗಿನ ಕಾಫಿಯ ತನಕ ಉಳಿಯಿತು. ಮಾವ ಲೋಟ ಕೆಳಗಿಟ್ಟು, "ಬರುವ ಶನಿವಾರ ನಾನು ಎಡಗೈಯನ್ನು ಶಾಲಿನ ಮೇಲೆ ಇಟ್ಟ ಕೂಡಲೇ ಕಡಿ. ಮತ್ತೆ ಕೈ ಇಳಿಸಿದಾಗ ಸೇರಿಸು" ಎಂದರು. ಸೋಮವಾರ ರಿಪೇರಿಯವರು ಬಂದು ಮನೆಯ ಇಂಟರ್ನೆಟ್ಟನ್ನು ಸರಿಮಾಡಿದರು. ಮಾವ ಅದರ ಕಡೆ ತಿರುಗಿಯೂ ನೋಡಲಿಲ್ಲ, ತನ್ನ ಅಳಿಯನ ಕೈಚಳಕ ಇರುವುದು ಯುನಿವರ್ಸಿಟಿಯ ಜಾಲದಲ್ಲಿ ಎಂದರು. ಬುಧವಾರ ಗ್ರೇಸಿಯವರು ಫೋನು ಮಾಡಿ, "ಒಳ್ಳೆ ಸುದ್ದಿ ಸರ್! ನಾನೇ ಮೇಲಿನವರಿಗೆ ಹೇಳಿ ಮಾಡಿಸಿದ್ದು. ಅತಿಥಿಗಳಿಗೆ ಇನ್ನು ಗಂಟೆಯ ಲೆಕ್ಕ ಇಲ್ಲ, ಇಡೀ ದಿನ ಕಟ್ಟಾಗುದೇ ಇಲ್ಲ. ಖುಷಿಯಾ?" ಎಂದರು. ಬಹಳ ಖುಷಿ ಎಂದೆ.

ಇಂದು ಶುಕ್ರವಾರ. ಸಂಜೆಯಿಂದ ಅದಿತಿಯನ್ನು ಪಕ್ಕದ ಕೋಣೆಯಲ್ಲಿ ಇನ್ನೊಂದು ಪರದೆಯ ಮುಂದೆ ಕೂರಿಸಿ, ನಾನು ಪರದೆಯ ಮುಂದೆ ಗಲ್ಲ ಎತ್ತಿ, ಹುಬ್ಬು ಏರಿಸಿ, ಕೈಯಾರೆ ವೈಫೈ ಕಡಿಯುವ ಅಭ್ಯಾಸ ನಡೆಸಿದ್ದೇನೆ. ವಿಶ್ವವಿದ್ಯಾಲಯ ಕಡಿದಾಗ ಮನುಷ್ಯ ಅರಸನಂತೆ ನಿಲ್ಲುತ್ತಾನೆ. ನಾನು ಕಡಿದಾಗಲೆಲ್ಲ, ಅವಳು ಅಲ್ಲಿಂದ ಕೂಗಿ ಹೇಳುವ ಪ್ರಕಾರ, ನಿಂತುಹೋದ ನನ್ನ ಮುಖದಲ್ಲಿ ಕಣ್ಣು ಮುಚ್ಚಿರುತ್ತದೆ, ಬಾಯಿ ತೆರೆದಿರುತ್ತದೆ.